ಕೂತಲ್ಲೇ ಹಚ್ಚಬೇಕಾದ ಬೀಡಿ

“ಕಡ್ಡಿಪೆಟ್ಟಿಗೆ ಕೊಡೋ ಸಾಬ,” ಎಂದು ದೊಡ್ಡೀರಪ್ಪ ಕೈ ನೀಡಿದಾಗ ಶರೀಫ್ ಸಾಬ್ ಕೇಳಿಸದವನಂತೆ ತಟ್ಟೆ ಒರೆಸತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿನ ಎದುರಿನ ಅವನ ತಗಡಿನ ಹೋಟ್ಲಿನಲ್ಲಿ ಆ ಮಧ್ಯಾಹ್ನ ಬೆಂಚುಗಳೆಲ್ಲ ತುಂಬಿದ್ದವು. ನಡುವಿನ ಬೆಂಚಿನಲ್ಲಿ ಸಿದ್ದಾಪುರದ ಅಣ್ಣ ತಮ್ಮ, ಕ್ಯಾತಪ್ಪ ಮತ್ತು ಬೋರಣ್ಣ, ಎದುರುಬದುರು ಕೂತಿದ್ದರು. ಬಾವಿ ನೀರಿನ ಪಾಳಿಗೆ ಜಗಳವಾಡಿ ಮಾತು ಬಿಟ್ಟವರು, ವರ್ಷಗಟ್ಟಲೆ ಒಬ್ಬರ ಮನೆಗೆ ಒಬ್ಬರು ಕಾಲಿಟ್ಟಿರಲಿಲ್ಲ. ಹಾಸಿಗೆ ಹಿಡಿದ ಅವರ ಅವ್ವ ಸೂರಮ್ಮ ಇಬ್ಬರನ್ನೂ ಒಟ್ಟಿಗೆ ನೋಡಬೇಕೆಂದು ಹಟ ಹಿಡಿದಿದ್ದಳು. ಊರ ಹಿರಿಯ ದೊಡ್ಡೀರಪ್ಪ ಕಾಡಿ ಬೇಡಿ ಇಬ್ಬರನ್ನೂ ಇಲ್ಲಿಗೆ ತಂದು ಕೂರಿಸಿದ್ದ.

ಮಾತೆಲ್ಲ ಮುಗಿದಿತ್ತು. ಉಳಿದದ್ದು ಬೀಡಿ. ಸಿದ್ದಾಪುರದವರಿಗೆ ರಾಜಿ ಎಂದರೆ ಹಾಗೆಯೇ. ಅಣ್ಣ ಬೀಡಿ ಹಚ್ಚಬೇಕು, ಅದರ ಕೆಂಡಕ್ಕೆ ತಮ್ಮ ತನ್ನ ಬೀಡಿ ಮುಟ್ಟಿಸಿ ಹಚ್ಚಿಕೊಳ್ಳಬೇಕು. ಅದೂ ಮಾತು ಮುಗಿದ ಜಾಗದಲ್ಲಿ, ಕೂತಲ್ಲೇ. ಅದಕ್ಕೆ ಮೊದಲು ಒಬ್ಬ ಎದ್ದರೂ ಆಡಿದ್ದೆಲ್ಲ ನೀರುಪಾಲು.

“ಸಾಬ, ಕಿವಿ ಕೇಳ್ಸಲ್ವೇನೋ?”

“ಅಣ್ಣಾ, ಹೊರಗೆ ಹೋಗಿ ಸೇದ್ರಿ. ಬೋರ್ಡ್ ನೋಡ್ರಿ, ಗೌರ್ಮೆಂಟ್ ರೂಲ್ಸು. ನಂದೇನೈತೆ?”

ಆ ವರ್ಷ ಗಾಂಧಿ ಜಯಂತಿಯಿಂದ ಹೋಟ್ಲು, ಆಫೀಸು ಎಲ್ಲಿಯೂ ಬೀಡಿ ಸಿಗರೇಟು ಸೇದಬಾರದೆಂದು ಕಾನೂನು ಬಂದಿತ್ತು. ಉಳಿದ ಹೋಟ್ಲಿನವರು ಗೊಣಗಿಕೊಂಡು ಬೋರ್ಡು ತೂಗುಹಾಕಿದರೆ, ಶರೀಫ್ ಸಾಬ್ ಯಾರೂ ಹೇಳುವ ಮುಂಚೆಯೇ ಚಳ್ಳಕೆರೆಗೆ ಹೋಗಿ ಕೆಂಪು ಅಕ್ಷರದಲ್ಲಿ ಬರೆಸಿಕೊಂಡು ಬಂದ. ಇವನೇನು ಅಷ್ಟು ದೊಡ್ಡ ಕಾನೂನಿನ ಮನುಷ್ಯ ಎಂದು ಬಜಾರಿನವರು ನಕ್ಕರು. ನಗಲಿ. ಕಾರಣ ಗೋಣಿ ಪರದೆಯ ಹಿಂದೆ ಇತ್ತು. ಅಲ್ಲಿ ಮಂಡಕ್ಕಿ ಕಲೆಸುತ್ತ, ಟೀ ಕುದಿಸುತ್ತ ಕೂರುವ ಅವನ ಹೆಂಡತಿ ಅಮೀನಾ ಬೀಗೆ ಹೊಗೆ ಆಗುತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಉಸಿರು ಕಟ್ಟಿ, ತುಟಿ ಉಗುರು ನೀಲಿಯಾಗಿ ಬಿದ್ದವಳನ್ನು ಚಿತ್ರದುರ್ಗಕ್ಕೆ ಒಯ್ದಾಗ ಡಾಕ್ಟರು ಬೈದೇ ಹೇಳಿದ್ದರು: ಹೊಗೆ ಸೋಕಬಾರದು, ಇನ್ನೊಮ್ಮೆ ಹೀಗಾದರೆ ಇಲ್ಲಿಯವರೆಗೂ ಬರುವುದಿಲ್ಲ ಈಕೆ. ಶರೀಫ್ ಸಾಬ್ ಸೌದೆ ಒಲೆ ಕಿತ್ತುಹಾಕಿ ಗ್ಯಾಸ್ ತಂದ, ಮಿರ್ಚಿ ಬಾಣಲೆಯನ್ನು ಬೀದಿಗೆ ಸಾಗಿಸಿದ. ಆದರೆ ಗಿರಾಕಿಗಳ ಬೀಡಿ? ತಲೆ ನೆರೆತವರಿಗೆ ಆರಿಸಿ ಎನ್ನಲು ಅವನಿಗೆಲ್ಲಿಯ ಬಾಯಿ! ಕಾನೂನು ಬಂದ ವಾರ ಅವನು ಮಸೀದಿಯಲ್ಲಿ ಸಂತೋಷಕ್ಕೆ ಕಣ್ಣೀರು ಹಾಕಿ ದುವಾ ಮಾಡಿದ್ದ.

ಕಾಯಿಲೆಯ ಸುದ್ದಿ ಮಾತ್ರ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅವಳೇ ಆಣೆ ಹಾಕಿಸಿಕೊಂಡಿದ್ದಳು. “ಕೆಮ್ಮೋಳ ಕೈಯಾಗಿನ ಮಂಡಕ್ಕಿ ಯಾರ್ ತಿಂತಾರೆ? ಕ್ಷಯ ಅಂತ ಹಬ್ಬಿಸ್ತಾರೆ. ಆಮೇಲೆ ಹೋಟ್ಲು ಮುಚ್ಚಿ ಏನ್ ತಿನ್ನಾನ?” ಹಾಗಾಗಿ ಯಾರು ಬೀಡಿ ತೆಗೆದರೂ ಅವನದು ಒಂದೇ ಮಾತು, ಗೌರ್ಮೆಂಟ್ ರೂಲ್ಸು. ಈಗ ಅದೇ ಮಾತು ಅವನ ಕುತ್ತಿಗೆಗೆ ಬಂತು.

“ಗೌರ್ಮೆಂಟೇನು ಇಲ್ಲಿ ಬಂದು ಮಂಡಕ್ಕಿ ತಿಂತಾ ಕುಂತೈತೇನೋ?” ಎಂದ ದೊಡ್ಡೀರಪ್ಪ. ಕೂತವರೆಲ್ಲ ಹೋ ಎಂದು ನಕ್ಕರು. “ಒಂದು ಬೀಡಿ ಕಣೋ. ಈಗ ಎಬ್ಬಿಸಿದ್ರೆ ಈ ಬೋರ ಸೀದಾ ಬಸ್ ಹತ್ತತಾನೆ. ಆ ಮುದುಕಿ ಜೀವ ಹೋಗೋ ಹೊತ್ನಾಗೆ ನೀನು ಬಂದು ರೂಲ್ಸು ಹೇಳ್ತೀಯಾ?”

ಬೋರಣ್ಣ ಆಗಲೇ ಟವೆಲು ಹೆಗಲಿಗೆ ಹಾಕಿಕೊಳ್ಳುತ್ತಿದ್ದ. “ಬ್ಯಾಡ ಬಿಡ್ರಿ, ನಮ್ ಹಣೇಬರನೇ ಇಷ್ಟು.”

“ಕುಂತ್ಕಳಲೇ ಬೋರ,” ಎಂದ ಕ್ಯಾತಪ್ಪ. ಹಚ್ಚದ ಬೀಡಿ ಅವನ ಬೆರಳಲ್ಲೇ ಇತ್ತು. “ಒಂದ್ ಗಳಿಗೆ ಕುಂತ್ಕ.” ಅಷ್ಟು ವರ್ಷದ ಮೇಲೆ ಅವನು ತಮ್ಮನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಶರೀಫ್ ಸಾಬ್ ಪರದೆಯ ಕಡೆ ನೋಡಿದ. ಅಡುಗೆ ಕೋಣೆಗೆ ಇನ್ನೊಂದು ಬಾಗಿಲಿರಲಿಲ್ಲ. ಹೊರಗೆ ಬರಬೇಕೆಂದರೆ ಅವಳು ಇವರೆಲ್ಲರ ನಡುವೆಯೇ ಹಾದುಬರಬೇಕು. ನನ್ನ ಹೆಂಡತಿಗೆ ಉಸಿರು ಕಟ್ಟುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎದುರಿಗಿದ್ದ ಬಾಯಿಗಳಲ್ಲೆಲ್ಲ ಅವಳ ಕೈಯ ಮಂಡಕ್ಕಿಯೇ ಇತ್ತು. ನುಂಗಿಕೊಂಡ. ಇವರು ಕೆಟ್ಟವರಾಗಿದ್ದರೆ ಬೈದಾದರೂ ಕಳಿಸಬಹುದಿತ್ತು, ಅಯ್ಯೋ, ಯಾರ ಮೇಲೆ ಸಿಟ್ಟಾಗುವುದು? ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ತಾನೇ ಬೆಂಚಿನ ಮೇಲಿಟ್ಟ.

“ಒಂದೇ ಬೀಡಿ, ಅಣ್ಣಾ. ಬೇಗ.”

ಕ್ಯಾತಪ್ಪ ಹಚ್ಚಿದ. ಬೋರಣ್ಣ ಬಗ್ಗಿ ತನ್ನ ಬೀಡಿ ಮುಟ್ಟಿಸಿದ. ಎರಡು ನೆರೆತ ತಲೆಗಳು ಅಷ್ಟು ಹತ್ತಿರ ಬಂದದ್ದನ್ನು ನೋಡುತ್ತ ಹೋಟ್ಲಿನಲ್ಲಿ ಕೂತವರೆಲ್ಲ ತಿನ್ನುವುದನ್ನು ನಿಲ್ಲಿಸಿದರು. ಶರೀಫ್ ಸಾಬ್‌ಗೂ ಒಂದು ಕ್ಷಣ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ.

“ಹಿಂಗಿರಬೇಕು ನೋಡು!” ಎಂದು ದೊಡ್ಡೀರಪ್ಪ ಖುಷಿಗೆ ತನ್ನದೂ ಒಂದು ಹಚ್ಚಿದ. ಕಡ್ಡಿಪೆಟ್ಟಿಗೆ ಪಕ್ಕದ ಬೆಂಚಿಗೆ ಹೋಯಿತು. ಅಲ್ಲಿಂದ, ಬಾಗಿಲ ಬಳಿ ಕೂತಿದ್ದ ಸೀರೆ ವ್ಯಾಪಾರಿ ಶಾಂತವೀರಪ್ಪನ ಕೈಗೆ.

“ಶಾಂತವೀರಪ್ಪಾರೇ, ನೀವು ಹೊರಗೆ...”

“ಅವ್ರಿಗೊಂದು ರೂಲ್ಸು, ನಮಗೊಂದು ರೂಲ್ಸೇನ್ರೀ ಸಾಬ್ರೇ?” ಆತ ನಗುತ್ತಲೇ ಕೇಳಿದ. ಸಿಟ್ಟೂ ಇಲ್ಲ, ಕೊಂಕೂ ಇಲ್ಲ. ಹೊಗೆ ತಗಡಿನ ಕೆಳಗೆ ಕಟ್ಟಿಕೊಂಡು ಮೆಲ್ಲಗೆ ಪರದೆಯ ಕಡೆ ಸರಿಯಿತು.

ಶರೀಫ್ ಸಾಬ್ ಕಿವಿಗೊಟ್ಟು ನಿಂತ. ಒಳಗಿನಿಂದ ಕೆಮ್ಮು ಬರಲಿಲ್ಲ. ಕೆಮ್ಮಿದ್ದರೆ ಅವನಿಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಜನ ಇರುವಾಗ ಬಾಯಿಗೆ ಸೆರಗು ತುರುಕಿಕೊಂಡು ತಡೆಯುವವಳು ಅವಳು.

“ಲೇ ಸಾಬ, ಎಲ್ಲಾರ್ಗೂ ಟೀ ಕೊಡ್ಸು! ಸಕ್ರೆ ಜಾಸ್ತಿ ಇರ್ಲಿ,” ದೊಡ್ಡೀರಪ್ಪ ಕೂಗಿದ.

ಹಾಲು ಮುಗಿದಿದೆ ಎಂದು ನೆವ ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಪರದೆ ಸರಿಯಿತು. ಬಳೆ ತೊಟ್ಟ ಕೈಯೊಂದು ಟೀ ಲೋಟಗಳಿದ್ದ ತಟ್ಟೆಯನ್ನು ಹೊರಕ್ಕೆ ಚಾಚಿತು. ಮುಖ ಕಾಣಲಿಲ್ಲ. ಲೋಟಗಳು ಒಂದಕ್ಕೊಂದು ಬಡಿದು ಟೀ ಚೆಲ್ಲುತ್ತಿತ್ತು. ಅವನು ಓಡಿಹೋಗಿ ತಟ್ಟೆ ಹಿಡಿದುಕೊಂಡ.

ಕೈ ಒಳಗೆ ಹೋಗಲಿಲ್ಲ. ಗೋಣಿಯನ್ನು ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ನಿಂತಿತು. ಉಗುರುಗಳು ನೀಲಿಯಾಗಿದ್ದವು.

“ತಾರೋ ಸಾಬ, ಆರೋಗ್ತೈತೆ,” ಎಂದರು ಹಿಂದಿನಿಂದ ಯಾರೋ. ಅವನ ಎರಡೂ ಕೈ ತಟ್ಟೆಯ ಮೇಲಿದ್ದವು.