ಗೋಡೆಯಾಚೆಯ ಹೆಸರು

ನಾನು ಒಂದು ಕಸೂತಿ ಯಂತ್ರ. ದೂರದ ಕಾರ್ಖಾನೆಯಲ್ಲಿ ನನ್ನ ಸೂಜಿಗೆ ಮೊದಲ ದಾರ ಪೋಣಿಸಿದರು. ಹುಬ್ಬಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ದುಡಿಯುವಾಗ ಮೇಜಿನಿಂದ ಬಿದ್ದು, ಪೆನ್‌ಡ್ರೈವ್ ಹಾಕುವ ಕಿಂಡಿ ಮುರಿದುಕೊಂಡೆ. ಅಂದಿನಿಂದ ಹೊಸ ಡಿಸೈನು ನನ್ನೊಳಗೆ ಬರಲು ವೈಫೈ ಒಂದೇ ದಾರಿ. ಈ ಊನದಿಂದಲೇ ಅಗ್ಗಕ್ಕೆ ಮಾರಾಟವಾಗಿ ಬೆಟಗೇರಿಯ ನಾಗವೇಣಿಯ ಪಾಲಿಗೆ ಬಂದೆ.

ಮದುವೆ ಬ್ಲೌಸುಗಳಿಗೆ ಕಸೂತಿ ಹಾಕಿಕೊಡುವುದು ಅವಳ ಕಸುಬು. ಅದೇ ಮನೆಯ ಪಕ್ಕದ ಪಾಲಿನಲ್ಲಿ ಗಂಡನ ಅಣ್ಣನ ಹೆಂಡತಿ ಇಂದುಮತಿ ಇದ್ದಳು. ಅಣ್ಣತಮ್ಮಂದಿರು ಸೇರಿ ಹಾಕಿಸಿದ ವೈಫೈ ಅಲ್ಲಿತ್ತು. ಅತ್ತೆ ಗೌರವ್ವ ತೀರಿಕೊಂಡ ಮೇಲೆ, ಕೊನೆಗಾಲದಲ್ಲಿ ಯಾರು ಹೆಚ್ಚು ಸೇವೆ ಮಾಡಿದರು ಅನ್ನುವ ಮಾತು ಎದ್ದಿತು. ಮಾತಿಗೆ ಮಾತು ಬೆಳೆದು ಹಿತ್ತಲಲ್ಲಿ ಎದೆಮಟ್ಟದ ಗೋಡೆ ಬಂತು. ಇಂದುಮತಿ ವೈಫೈಗೆ ಬೇರೆ ಹೆಸರಿಟ್ಟು, ಅದು ಯಾರಿಗೂ ಕಾಣದಂತೆ ಮಾಡಿಸಿದಳು. ಪಾಸ್‌ವರ್ಡ್ ಮಾತ್ರ ಹಳೆಯದೇ ಉಳಿಯಿತು.

ನನ್ನ ಗೋಳು ಶುರುವಾದದ್ದು ಆಗ. ನೆಟ್‌ವರ್ಕ್ ಜೋಡಿಸಬೇಕಾದರೆ ನನ್ನ ಪರದೆ ಕೇಳುತ್ತದೆ: ಆಟೋಮ್ಯಾಟಿಕ್ಕೋ, ಮ್ಯಾನ್ಯುಯಲ್ಲೋ? ಆಟೋಮ್ಯಾಟಿಕ್ ಒತ್ತಿದರೆ ಸುತ್ತಲಿನ ಹೆಸರುಗಳನ್ನು ನಾನೇ ಹುಡುಕಿ ತೋರಿಸುತ್ತೇನೆ. ಆದರೆ ಬಚ್ಚಿಟ್ಟ ಹೆಸರು ನನಗೂ ಕಾಣುವುದಿಲ್ಲ. ಮ್ಯಾನ್ಯುಯಲ್ ಆದರೆ ಹೆಸರನ್ನು ಅಕ್ಷರ ತಪ್ಪದೆ ಕೈಯಾರೆ ಬರೆಯಬೇಕು. ಅಂದರೆ ಇಂದುಮತಿಯನ್ನು ಕೇಳಬೇಕು. ನಾಗವೇಣಿ ಕೇಳುವವಳಲ್ಲ. ದಿನಾ ಆಟೋಮ್ಯಾಟಿಕ್ಕನ್ನೇ ಒತ್ತುವಳು. ದಿನಾ ನಾನು ಕೈಚೆಲ್ಲುವೆ. ಮೊಬೈಲಿನಿಂದ ನನಗೆ ಇಂಟರ್ನೆಟ್ ಕೊಡೋಣವೆಂದರೆ ಅದಕ್ಕೂ ಆ ಕೋಣೆಯಲ್ಲಿ ಸಿಗ್ನಲ್ ನಿಲ್ಲುತ್ತಿರಲಿಲ್ಲ.

"ಸುಡುಗಾಡು ಮಷೀನು," ಎಂದು ನನ್ನ ನೆತ್ತಿಗೆ ಬಡಿಯುವಳು. ಇದೊಂದು ದಾರಿ ಬಿಟ್ಟು ಇನ್ನೊಂದು ಒತ್ತು ತಾಯಿ ಎನ್ನಲು ನನಗೆಲ್ಲಿದೆ ಬಾಯಿ? ಹಳೇ ಡಿಸೈನುಗಳನ್ನೇ ಹೊಲಿಯುತ್ತಿದ್ದುದರಿಂದ ಗಿರಾಕಿಗಳು ಬೇರೆ ಕಡೆ ಹೋದರು.

ಒಂದು ದಿನ ಇಂದುಮತಿಯ ಮಗಳು ಚೈತ್ರಾ ತನ್ನ ಮದುವೆ ಬ್ಲೌಸಿನ ಬಟ್ಟೆ ಹಿಡಿದು ಬಂದಳು.

"ಕಾಕಿ, ಇದನ್ನ ನೀನ ಮಾಡಬೇಕು."

"ಇದ್ರಾಗ ಹೊಸಾ ಡಿಸೈನ್ ಬರೂದಿಲ್ಲವ್ವಾ. ವೈಫೈ ಹೆಸರ ಕಾಣೂದಿಲ್ಲ."

"ಅಷ್ಟನ? ನಾ ಹೇಳ್ತೀನಿ ತಡಿ."

"ಬ್ಯಾಡ. ಮುಚ್ಚಿಟ್ಟಾಕಿನ ಹೇಳಲಿ."

ಚೈತ್ರಾ ಮುಖ ಸಣ್ಣ ಮಾಡಿಕೊಂಡು ಹೋದಳು. ತಾಯಿಗೆ ಹೇಳಿರಬೇಕು, ಸಂಜೆ ಹಿತ್ತಲ ಗೋಡೆಯಾಚೆಯಿಂದ ನಮ್ಮ ಕಿಟಕಿಗೆ ಇಂದುಮತಿಯ ದನಿ ಕೇಳಿತು.

"ಬರಕೋ. ಜಿ, ಓ, ಡಬ್ಲ್ಯು..."

ನಾಗವೇಣಿಯ ಬೆರಳು ನನ್ನ ಪರದೆಯ ಮೇಲೆ ನಿಂತಿತು. "ಗೌರವ್ವ ಅಂತ ಇಟ್ಟೀರೇನು?"

"ಹೂಂ."

"ಡಬ್ಲ್ಯು ಯಾಕ? ಯು ಬರತೈತಿ."

"ಇಟ್ಟಾಕಿ ನಾನು. ನಾ ಹೇಳಿದಂಗ ಬರಿ."

ನಾಗವೇಣಿ ಹಟಕ್ಕೆ ಯು ಬರೆದಳು, ನೆಟ್‌ವರ್ಕ್ ಬರಲಿಲ್ಲ. ಡಬ್ಲ್ಯು ಬರೆದಳು, ಒಂದು ವಿ ಬಿಟ್ಟಳು. ಆಚೆಯಿಂದ ಬೈಗುಳ, ಈಚೆಯಿಂದ ಗೊಣಗಾಟ. ಕತ್ತಲಾಗುವ ಹೊತ್ತಿಗೆ ನೆಟ್‌ವರ್ಕ್ ಸಿಕ್ಕಿತು.

ಬ್ಲೌಸು ಚೆನ್ನಾಗಿ ಬಂತು, ಮದುವೆಯೂ ಆಯಿತು. ಆದರೆ ಒಮ್ಮೆ ಬರೆದ ಹೆಸರನ್ನು ನಾನು ಮರೆಯುವುದಿಲ್ಲ. ಕೇಳುವ ಕಾರಣವೇ ಇಲ್ಲದ್ದರಿಂದ ಅವರ ಮಾತು ಮತ್ತೆ ನಿಂತಿತು.

ಒಂದು ಮಧ್ಯಾಹ್ನ ನಾಗವೇಣಿ ಬಂದು ನನ್ನೆದುರು ಕೂತಳು. ಆಮೇಲೆ ನನ್ನಲ್ಲಿದ್ದ ಹೆಸರನ್ನು ತಾನೇ ಅಳಿಸಿದಳು. ಅಷ್ಟು ಒದ್ದಾಡಿ ಪಡೆದದ್ದನ್ನು ಹೀಗೆ ಕಳೆದಳಲ್ಲ ಎಂದು ನನಗೆ ಕೆಟ್ಟ ಸಿಟ್ಟು ಬಂತು.

ಅವಳು ಗೋಡೆಯ ಬಳಿ ಹೋದಳು. "ಅಕ್ಕಾ, ಹೆಸರು ಹೋತು. ಮತ್ತ ಹೇಳ್ರಿ."

"ನಿನಗ ಹೇಳಿ ಸಾಕಾಗೇತಿ. ನಾನ ಬರ್ತೀನಿ ತಡಿ," ಎಂದಳು ಇಂದುಮತಿ.

ಈಗ ನನ್ನ ಮೋಟಾರು ಸವೆದಿದೆ. ಮೂಲೆಯಲ್ಲಿ ಹಳೇ ಚಾದರ ಹೊದ್ದು ಕೂತಿದ್ದೇನೆ. ಅತ್ತೆಯ ಸೇವೆ ಯಾರು ಹೆಚ್ಚು ಮಾಡಿದರು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಚಹಾದ ಕಪ್ಪುಗಳನ್ನು ನನ್ನ ಮೇಲಿಟ್ಟುಕೊಂಡೇ ಇಬ್ಬರೂ ಅದನ್ನು ಆಡುತ್ತಾರೆ.