ಒಂದು ಗೆರೆ ಕಮ್ಮಿಯ ಯಂತ್ರ

ಯಜಮಾನರು ಕಂಪ್ಯೂಟರಿಗೆ ಬೆನ್ನು ಮಾಡಿ ಕೂತು ತಿಂಗಳಾಗಿತ್ತು. ಯಂತ್ರಗಳ ಜಪಾನಿ ಕೈಪಿಡಿಗಳನ್ನು ಅನುವಾದಿಸುತ್ತಲೇ ತಲೆ ನರೆತ ಮನುಷ್ಯ. ಕೆಲಸ ಬಿಟ್ಟ ಮೇಲೂ ದಿನಕ್ಕೆ ನಾಲ್ಕು ಪುಟ ಓದದಿದ್ದರೆ ಊಟ ಸೇರುತ್ತಿರಲಿಲ್ಲ. ಈಗ ಕಣ್ಣು ಮಂಜಾಗಿತ್ತು. ಮಗಳು ತಂದುಕೊಟ್ಟ ಹೊಸ ಲಿನಕ್ಸ್ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಿದರೂ ಅವರದು ಒಂದೇ ರಾಗ.

"ಎಲ್ಲಾ ನೂಲಿನೆಳೆ ಥರ ಇದೆ. ಸಾಕು ಬಿಡು, ಓದಿದ್ದಾಯ್ತು."

ಆ 'ಸಾಕು' ಕೇಳಿ ಹೆಂಡತಿಯ ಎದೆ ಧಸಕ್ಕೆಂದಿತು. ಹಟಮಾರಿ ಗಂಡನ ಜೊತೆ ಹೇಗೋ ಏಗಬಹುದು. ಸೋತು ಕೂತವರ ಜೊತೆ ಏಗುವುದು ಅವಳಿಗೆ ಗೊತ್ತಿರಲಿಲ್ಲ.

ಇಬ್ಬರ ಪರಿಚಯವಾದದ್ದೇ ಆ ಜಪಾನಿ ಅಕ್ಷರಗಳಿಂದ. ಆಗ ಕಚೇರಿಯ ಯುನಿಕ್ಸ್ ಕಂಪ್ಯೂಟರಿಗೆ ಜಪಾನಿ ಬರುತ್ತಿರಲಿಲ್ಲ; ಅಕ್ಷರವಿರಬೇಕಾದ ಕಡೆ ಖಾಲಿ ಚೌಕ ತೋರಿಸಿ ಕೈತೊಳೆದುಕೊಳ್ಳುತ್ತಿತ್ತು. ಇವಳು ಚೌಕುಳಿ ಹಾಳೆಯಲ್ಲಿ ಅಡ್ಡ ಹದಿನಾರು, ಉದ್ದ ಹದಿನಾರು ಮನೆ ಮಾಡಿ, ಚುಕ್ಕೆ ತುಂಬಿ, ಒಂದೊಂದೇ ಅಕ್ಷರ ಕಟ್ಟಿದಳು. ಪಕ್ಕದಲ್ಲಿ ನಿಂತು ತಪ್ಪು ಹುಡುಕುವುದು ಅವರ ಕೆಲಸ. ಜಪಾನಿಯಲ್ಲಿ 'ಯಂತ್ರ' ಎಂಬ ಇಡೀ ಪದಕ್ಕೆ ಒಂದೇ ಅಕ್ಷರ, ಗೆರೆಗಳೋ ಹದಿನಾರು; ಅದಕ್ಕೆ ಜಾಗ ಸಾಲದೆ ಅವಳು ಒಂದು ಗೆರೆಯನ್ನೇ ನುಂಗಿಹಾಕಿದ್ದಳು. ಆ ಗೆರೆಗಾಗಿ ವಾರವೆಲ್ಲ ಜಗಳ. ಜಗಳ ಮುಗಿಸಲು ಪುರುಸೊತ್ತಿಲ್ಲದೆ ಮದುವೆಯಾದರು ಎಂದು ಕಚೇರಿಯವರು ನಗುತ್ತಿದ್ದರು.

ಒಂದು ಮಧ್ಯಾಹ್ನ ಅವರು ಮಲಗಿದ್ದಾಗ, ಹಳೆಯ ಡಿಸ್ಕಿನಿಂದ ತನ್ನ ಚುಕ್ಕೆಯಕ್ಷರಗಳನ್ನೂ ಅವರ ಒಂದು ಕೈಪಿಡಿಯನ್ನೂ ಹೊಸ ಕಂಪ್ಯೂಟರಿಗೆ ತಂದಳು.

"ಅಮ್ಮ, ಚಂದದ ಅಕ್ಷರ ಬೇಕಾದಷ್ಟು ಇವೆಯಲ್ಲ," ಎಂದಳು ಮಗಳು.

"ಚಂದ ಕಟ್ಕೊಂಡು ಏನಾಗ್ಬೇಕು? ಅಪ್ಪಂಗೆ ಕಾಣ್ಬೇಕು."

ಕೈಪಿಡಿ ತೆರೆದರೆ ಪರದೆ ತುಂಬ ಕಲಸುಮೇಲೋಗರ. ಅವಳು ಗಾಬರಿಯಾಗಲಿಲ್ಲ. ಇದು ಹಳೆಯ ಕಡತ, ಹಳೆಯ ಪದ್ಧತಿಯಲ್ಲೇ ಓದು ಎಂದು ಕಂಪ್ಯೂಟರಿಗೆ ಹೇಳಬೇಕಿತ್ತು, ಅಷ್ಟೇ. ಹಾಗೆ ಹೇಳುವುದು ಬೆರಳುಗಳಿಗೆ ಇನ್ನೂ ನೆನಪಿತ್ತು. ಅಕ್ಷರಗಳು ಮೂಡಿದವು. ಹಿಗ್ಗಿಸಿದಾಗ ಒಂದೊಂದು ಚುಕ್ಕೆಯೂ ಅಂಗಿಯ ಗುಂಡಿಯಷ್ಟಾಗಿ, ಗೆರೆಗಳೆಲ್ಲ ಹಗ್ಗದಷ್ಟು ದಪ್ಪಗೆ ಕಂಡವು.

"ರೀ, ಸ್ವಲ್ಪ ಇಲ್ಲಿ ಬನ್ನಿ."

ಗೊಣಗುತ್ತಲೇ ಬಂದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಇದೂ ಕಾಣದಿದ್ದರೆ ಮುಂದೇನು ಎಂದು ಅವಳು ಉಸಿರು ಬಿಗಿಹಿಡಿದಳು.

"ಯಂತ್ರಕ್ಕೆ ಒಂದು ಗೆರೆ ಕಮ್ಮಿ," ಎಂದರು. "ಅವತ್ತೇ ಹೇಳಿದ್ದೆ."

"ಜಾಗ ಇರ್ಲಿಲ್ಲ ಅಂತ ನಾನೂ ಅವತ್ತೇ ಹೇಳಿದ್ದೆ."

ಅವಳ ಕಣ್ಣು ತುಂಬಿ ಬಂದಿತ್ತು. ಅವರು ಅದನ್ನು ಗಮನಿಸಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಆಗಲೇ ಮುಂದಿನ ಸಾಲು ಓದುತ್ತಿದ್ದರು.