ಜಾಕೆಟ್ಟಿಗೆ ಎತ್ತಿದ ಬೆರಳು

ಬೊಜೆನಾ ತನ್ನ ಹಳದಿ ಜಾಕೆಟ್ಟನ್ನು ರಸ್ತೆ ಬದಿಯ ಗೂಟಕ್ಕೆ ನೇತುಹಾಕಿ ಕಾಫಿಗೆಂದು ಶೆಡ್ಡಿನೊಳಗೆ ಬಂದಿದ್ದಳು. ಹೊರಗೆ, ಸಿಡಿಸಿದ ಬಂಡೆಯ ಚೂರನ್ನು ಮುಂದಿನ ಬಕೆಟ್ಟಿನಲ್ಲಿ ತುಂಬಿಕೊಂಡ ಲೋಡರ್ ಆ ಗೂಟದ ಪಕ್ಕದಲ್ಲೇ ಹಾದುಹೋಯಿತು. ಹೋಗುವಾಗ ಚಾಲಕ ಹಾಲ್ವಾರ್ ಸ್ಟೀರಿಂಗಿನಿಂದ ಒಂದು ಬೆರಳು ಮೇಲೆತ್ತಿ ಜಾಕೆಟ್ಟಿಗೆ ವಂದಿಸಿದ.

ಕಿಟಕಿಯ ಬಳಿ ನಿಂತಿದ್ದ ಮೇಸ್ತ್ರಿ ಅರ್ನ್‌ಫಿನ್ ಗಹಗಹಿಸಿ ನಕ್ಕ. “ನೋಡಿದ್ಯೇನೇ ಬೊಜೆನಾ? ನಿನಗಿಂತ ನಿನ್ನ ಜಾಕೆಟ್ಟಿಗೇ ಮರ್ಯಾದೆ ಜಾಸ್ತಿ!”

“ಅದು ನನ್ನ ಹಾಗೆ ಎದುರುತ್ತರ ಕೊಡಲ್ವಲ್ಲ, ಅದಕ್ಕೇ,” ಅಂದಳು ಬೊಜೆನಾ.

ಬೆಂಚಿನ ತುದಿಯಲ್ಲಿ ಕೂತಿದ್ದ ಟೋರುನ್ ಕೂಡ ನಕ್ಕಳು. ಗಂಡ ಹಾಲ್ವಾರ್‌ನನ್ನು ಗೇಲಿ ಮಾಡಿದಾಗ ನಗುವುದು ಅವಳಿಗೆ ರೂಢಿಯೇ. ಅದೇ ರಸ್ತೆ ಕೆಲಸದಲ್ಲಿ ಅವಳು ರೋಲರ್ ಓಡಿಸುತ್ತ ವರ್ಷಗಳೇ ಆಗಿದ್ದವು. ಆದರೆ ನಗು ಅರ್ಧದಲ್ಲೇ ನಿಂತುಹೋಯಿತು. ಕೈಯಲ್ಲಿದ್ದ ಕಂದು ಚೀಸಿನ ಬ್ರೆಡ್ಡನ್ನು ಕಾಗದದ ಮೇಲೆ ಇಟ್ಟಳು.

ಬೆಟ್ಟಗಳ ನಡುವೆ ಒಳಚಾಚಿದ ಆ ಕಡಲತೋಳಿನ ದಡದ ಊರುಗಳಲ್ಲಿ ಎದುರು ಬರುವ ಗಾಡಿಗೆ ಬೆರಳೆತ್ತದೆ ಹೋಗುವವನನ್ನು ಸೊಕ್ಕಿನವನು ಅನ್ನುತ್ತಾರೆ. ಅದೇ ಬೆರಳು ಯಾವಾಗಲೋ ಕೆಲಸದ ಜಾಗಕ್ಕೂ ಬಂದು ಸೇರಿಕೊಂಡಿತ್ತು. ಬೆರಳೆದ್ದರೆ ‘ನಿನ್ನ ನೋಡಿದೆ, ದಾಟಿಕೋ’ ಎಂದರ್ಥ. ನಿಜವಾದ ನಿಯಮ ಬೇರೆ. ಯಂತ್ರ ನಿಲ್ಲಬೇಕು, ಬಕೆಟ್ಟು ನೆಲಕ್ಕೆ ಮುಟ್ಟಬೇಕು, ಚಾಲಕ ಎರಡೂ ಕೈ ಮೇಲೆತ್ತಿ ತೋರಿಸಬೇಕು, ಆಮೇಲಷ್ಟೇ ಅದರ ಹತ್ತಿರ ಹೋಗಬೇಕು. ಹೊಸಬರಿಗೆ ಇದನ್ನು ಹೇಳಿಕೊಡುವವಳು ಟೋರುನ್‌ಳೇ. ಅವಳು ಕೆಲಸಗಾರರು ಆರಿಸಿದ ಸುರಕ್ಷಾ ಪ್ರತಿನಿಧಿ. ಅವಳು ನಿಲ್ಲಿಸು ಅಂದರೆ ಮೇಸ್ತ್ರಿಯೂ ತಕರಾರಿಲ್ಲದೆ ನಿಲ್ಲಿಸಬೇಕು. ಆದರೂ ಊರಿನವರ ನಡುವೆ ಬೆರಳೇ ಸಾಕಾಗುತ್ತಿತ್ತು. ಹುಟ್ಟಿದಾಗಿನಿಂದ ಬಲ್ಲ ಮನುಷ್ಯನ ಮುಂದೆ ಎರಡು ಕೈ ಎತ್ತಿಸಿಕೊಂಡು ನಿಲ್ಲುವುದು ಅವನನ್ನು ನಂಬಲಿಲ್ಲ ಎಂದಂತೆ ಆಗುತ್ತಿತ್ತು.

ಅವಳ ಮನಸ್ಸು ಮನೆಗೆ ಓಡಿತು. ಹಾಲ್ವಾರ್ ಹೊಸ್ತಿಲು ಎಡವಿದಾಗ ಅವಳೇ ಅಲ್ಲಿಗೊಂದು ದೊಡ್ಡ ಬಲ್ಬು ಹಾಕಿಸಿದ್ದಳು. ಅವನು ಪೇಪರನ್ನು ಸುಮ್ಮನೆ ಮಡಚಿಡುವುದನ್ನು ನೋಡಿ, ತನಗೇ ಓದಬೇಕೆನಿಸಿದೆ ಎನ್ನುವಂತೆ ಗಟ್ಟಿಯಾಗಿ ಓದತೊಡಗಿದ್ದಳು. ಸಂಜೆ ಮನೆಗೆ ಹೊರಟಾಗ ಅವನು “ನೀನೇ ಓಡ್ಸು, ನಂಗೆ ತೂಕಡಿಕೆ” ಅಂದರೆ ಮಾತಿಲ್ಲದೆ ಕೀ ತೆಗೆದುಕೊಳ್ಳುತ್ತಿದ್ದಳು. ಕಾಫಿ ಲೋಟ ಅವನ ಎಡಗೈಗೆ ಸಿಗುವಂತೆ ಇಡುತ್ತಿದ್ದಳು, ಬಲಗಡೆ ಇಟ್ಟದ್ದು ಉರುಳುತ್ತಿತ್ತೆಂದು. ಇದನ್ನೆಲ್ಲ ಅವಳು ವಯಸ್ಸು ಎಂದು ಕರೆದಿದ್ದಳು, ಪ್ರೀತಿ ಎಂದೂ ಕರೆದಿದ್ದಳು. ಹಾಗೆ ಒಂದೊಂದೇ ವಸ್ತುವನ್ನು ಸರಿಸಿ ಸರಿಸಿ ಅವನಿಗೆ ಏನೂ ಆಗಿಲ್ಲ ಎಂಬ ಮನೆಯೊಂದನ್ನು ಕಟ್ಟಿಕೊಟ್ಟಿದ್ದಳು. ಅವನು ದಿನಾ ಬೆಳಗ್ಗೆ ಆ ಮನೆಯಿಂದ ಹೊರಟು ಬಂದು ಇಷ್ಟು ದೊಡ್ಡ ಯಂತ್ರದ ಮೇಲೆ ಕೂರುತ್ತಿದ್ದ.

ಅವಳು ಹೊರಗೆ ಹೋದಳು. ನವೆಂಬರಿನ ಮಧ್ಯಾಹ್ನಕ್ಕೆ ಆಗಲೇ ಮಬ್ಬು ಕವಿದಿತ್ತು. ಲೋಡರಿನ ಎಡಕ್ಕೆ, ದೂರದಲ್ಲಿ ನಿಂತು ಕಾದಳು. ಬಕೆಟ್ಟು ಇಳಿಯಿತು. ಅವನು ನಗುತ್ತ, ನಾಟಕದವನಂತೆ ಎರಡೂ ಕೈ ಎತ್ತಿದ. ಏಣಿ ಹತ್ತಿ ಅವಳು ಬಾಗಿಲು ತೆಗೆದಳು.

“ಏನಮ್ಮಾ ಪ್ರತಿನಿಧಿ, ತಪಾಸಣೆನಾ?”

“ಆಗ್ಲೇ ಆ ಗೂಟದ ಹತ್ರ ಬೆರಳು ಎತ್ತಿದ್ಯಲ್ಲ, ಯಾರಿಗೆ?”

“ಬೊಜೆನಾಗೆ. ಯಾಕೆ?”

“ಬೊಜೆನಾ ಒಳಗೆ ನನ್ನ ಪಕ್ಕ ಕೂತಿದ್ಲು ಹಾಲ್ವಾರ್. ಅಲ್ಲಿದ್ದದ್ದು ಅವಳ ಜಾಕೆಟ್ಟು.”

ಅವನು ನಕ್ಕ. ಆದರೆ ಆ ನಗು ಬರುವುದು ಸ್ವಲ್ಪ ತಡವಾಯಿತು. “ಹಳದಿ ಕಾಣಿಸ್ತು, ಎತ್ತಿದೆ. ಅಷ್ಟಕ್ಕೇ ಇಷ್ಟೊಂದು ಮುಖ ಮಾಡ್ಕೊಂಡು ಬಂದ್ಯಾ?”

“ಇಲ್ಲದೋರು ಕಾಣಿಸಿದ್ರೆ ನಕ್ಕುಬಿಡಬಹುದು. ಇರೋರು ಕಾಣಿಸ್ದೇ ಹೋದ್ರೆ?”

ಎಂಜಿನ್ನು ತನ್ನ ಪಾಡಿಗೆ ಗುರುಗುಡುತ್ತಿತ್ತು. ಹಾಲ್ವಾರ್ ಮುಂದಿನ ಗಾಜನ್ನು ತೋಳಿನಿಂದ ಒರೆಸಿದ. ಗಾಜು ಕೊಳೆಯಾಗಿರಲಿಲ್ಲ.

“ಬೇಸಿಗೆ ತನಕ ಬಿಡು,” ಅಂದ, ದನಿ ತಗ್ಗಿಸಿ. “ಬೇಸಿಗೆಗೆ ಹೇಗೂ ಪಿಂಚಣಿ. ಕೇಕ್ ತಿಂದು, ಎಲ್ಲರ ಕೈ ಕುಲುಕಿ ನಾನೇ ಇಳಿದು ಹೋಗ್ತೀನಿ. ಈಗ ನೀನು ಇಳಿಸ್ಬೇಡ ಕಣೇ.”

ಅವನು ಹೀಗೆ ಬೇಡಿಕೊಂಡದ್ದನ್ನು ಅವಳು ಕೇಳಿಯೇ ಇರಲಿಲ್ಲ. ಅವನ ತಾಯಿ ಸತ್ತಾಗಲೂ ಅವನ ದನಿ ಹೀಗೆ ಸಣ್ಣದಾಗಿರಲಿಲ್ಲ. ಅವಳು ಏಣಿ ಇಳಿದಳು. ಕೆಲವೇ ತಿಂಗಳು, ಎಂದುಕೊಂಡಳು. ಕನ್ನಡಕ ಬದಲಾಯಿಸಿದರೆ ಆದೀತು, ಎಂದುಕೊಂಡಳು. ಹಾಗೆಂದುಕೊಳ್ಳುವುದು ಎಷ್ಟು ಸಲೀಸಾಗಿ ಬರುತ್ತದೆ ಎಂದು ಅವಳಿಗೇ ಭಯವಾಯಿತು.

ಬೊಜೆನಾ ಶೆಡ್ಡಿನಿಂದ ಬಂದು ಜಾಕೆಟ್ಟು ತೊಟ್ಟು ಪೈಪು ಹೂಳಲು ತೋಡಿದ ಕಾಲುವೆಯ ಕಡೆ ಹೊರಟಳು. ಲೋಡರ್ ಮತ್ತೆ ಬರುತ್ತಿತ್ತು. ಬೊಜೆನಾ ನಿಂತು ಕ್ಯಾಬಿನ್ನಿನ ಕಡೆ ನೋಡಿದಳು. ಬೆರಳು ಎದ್ದಿತು. ಅವಳು ತಲೆ ತಗ್ಗಿಸಿ, ಜೇಬಿನಲ್ಲಿ ಏನನ್ನೋ ಹುಡುಕುತ್ತ, ಆಳೆತ್ತರದ ಚಕ್ರಗಳ ಮುಂದೆ ದಾಟಿಹೋದಳು.

ಏನೂ ಆಗಲಿಲ್ಲ. ಲೋಡರ್ ಹೋಯಿತು, ಬೊಜೆನಾ ಕಾಲುವೆಗೆ ಇಳಿದಳು. ಈ ಸಲ ಹಾಲ್ವಾರ್ ಬೊಜೆನಾಳನ್ನು ನೋಡಿದ್ದನೋ, ಬರೀ ಹಳದಿಯನ್ನು ನೋಡಿದ್ದನೋ, ಯಾರಿಗೂ ಗೊತ್ತಿಲ್ಲ. ಬೊಜೆನಾಳಿಗಂತೂ ಅದೊಂದು ಪ್ರಶ್ನೆ ಎಂಬುದೇ ಗೊತ್ತಿಲ್ಲ.

ಟೋರುನ್ ರೇಡಿಯೋ ಎತ್ತಿಕೊಂಡಳು. “ಲೋಡರ್ ನಿಲ್ಲಿಸಿ. ಬಕೆಟ್ಟು ಕೆಳಗೆ, ಎಂಜಿನ್ ಆಫ್.”

“ಹೆಂಡತಿ ಹೇಳ್ತಿರೋದೋ, ಪ್ರತಿನಿಧಿ ಹೇಳ್ತಿರೋದೋ?” ಅರ್ನ್‌ಫಿನ್‌ನ ನಗು ರೇಡಿಯೋದಲ್ಲಿ ಕರಕರ ಎಂದಿತು.

“ಪ್ರತಿನಿಧಿ.”

ಆಮೇಲೆ ಯಾರೂ ನಗಲಿಲ್ಲ. ಎಂಜಿನ್ನು ನಿಂತಾಗ ಅಷ್ಟು ಹೊತ್ತೂ ಕೇಳದಿದ್ದ ನೀರಿನ ಸದ್ದು ದಡದಿಂದ ಬಂತು. ಹಾಲ್ವಾರ್ ಬೆನ್ನು ತಿರುಗಿಸಿ ಇಳಿದ. ಪ್ರತಿ ಮೆಟ್ಟಿಲಿಗೂ ಬೂಟಿನ ತುದಿಯಿಂದ ತಡಕಾಡಿ, ಸಿಕ್ಕಿದ ಮೇಲೆ ಭಾರ ಹಾಕುತ್ತಿದ್ದ. ಅರ್ನ್‌ಫಿನ್ ಓಡಿಬಂದು ಇಬ್ಬರ ಮುಖವನ್ನೂ ನೋಡಿದ.

“ಏನಾಯ್ತು? ಬ್ರೇಕಾ?”

ಟೋರುನ್ ಬಾಯಿ ತೆರೆದಳು. ಗಂಡ ತನ್ನ ಮುಖವನ್ನೇ ನೋಡುತ್ತಿದ್ದಾನೆ, ಬ್ರೇಕು ಎಂದು ಹೇಳಲಿ ಎಂದು ಕಾಯುತ್ತಿದ್ದಾನೆ ಎಂಬುದು ಅವಳಿಗೆ ತಿಳಿಯಿತು. ಹಾಗೆಂದರೆ ಇವತ್ತಿನ ಮಟ್ಟಿಗೆ ಎಲ್ಲರ ಮಾನ ಉಳಿಯುತ್ತಿತ್ತು.

“ಬ್ರೇಕ್ ಚೆನ್ನಾಗಿದೆ,” ಅಂದಳು. “ಇವನಿಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ಡಾಕ್ಟರು ಹೇಳೋ ತನಕ ಇವನು ಹತ್ತಬಾರದು. ಬೆರಳೆತ್ತೋದೂ ಇವತ್ತಿಗೆ ಮುಗೀತು, ಯಾರೇ ಓಡಿಸಲಿ.”

ಅರ್ನ್‌ಫಿನ್ ಹೆಲ್ಮೆಟ್ಟು ತೆಗೆದು ಮತ್ತೆ ಹಾಕಿಕೊಂಡ. ಕಾಲುವೆಯಿಂದ ತಲೆ ಎತ್ತಿದ್ದ ಬೊಜೆನಾ ಒಮ್ಮೆ ತನ್ನ ಜಾಕೆಟ್ಟನ್ನು ನೋಡಿಕೊಂಡಳು, ಆಮೇಲೆ ಹಾಲ್ವಾರ್‌ನನ್ನು. ಅವನು ತಮ್ಮ ಕಾರಿನ ಕಡೆ ನಡೆದ. ಕೆಲಸ ಮುಗಿಯುವವರೆಗೂ ಅದರೊಳಗೇ ಕೂತಿದ್ದ.

ಮನೆಗೆ ಹೊರಟಾಗ ಪೂರ್ತಿ ಕತ್ತಲಾಗಿತ್ತು. ಟೋರುನ್ ಓಡಿಸುತ್ತಿದ್ದಳು. ಅವನು ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ.

“ಯಾವಾಗಿಂದ ಗೊತ್ತಿತ್ತು ನಿಂಗೆ?” ಎಂದು ಕೇಳಿದ.

“ನಿಂಗೆ ಗೊತ್ತಾದಾಗಿಂದ.”

ಅವನು ಹೂಂ ಅಂದ. ತಿರುವುಗಳು ಒಂದಾದ ಮೇಲೊಂದು ಬಂದು ಹೋದವು. ಅವನು ಹುಟ್ಟಿ ಬೆಳೆದ ದಾರಿ ಅದು. ಕಣ್ಣು ಮುಚ್ಚಿಯೂ ಹೇಳಬಲ್ಲೆ ಎಂದು ಹರೆಯದಲ್ಲಿ ಪಂತ ಕಟ್ಟುತ್ತಿದ್ದ ದಾರಿ.

“ಎಲ್ಲಿಗೆ ಬಂದ್ವಿ ಈಗ?” ಎಂದು ಕೇಳಿದ.

ಅವಳು ಕಾರಿನ ವೇಗ ತಗ್ಗಿಸಿದಳು.

“ದೋಣಿ ನಿಲ್ಸೋ ಶೆಡ್ಡುಗಳ ಹತ್ರ,” ಅಂದಳು. “ಮೊದಲನೆಯದರಲ್ಲಿ ದೀಪ ಇದೆ. ಯಾರೋ ಬಲೆ ಒಣಹಾಕ್ತಿದಾರೆ. ಈಗ ಸೇತುವೆ.”

ಅವನು ಸೀಟಿಗೆ ಒರಗಿಕೊಂಡು ಕೇಳುತ್ತಿದ್ದ.